ಮಮ್ಮಾ ಮಾರ್ಗರೀಟ: ಒಬ್ಬ ಸಂತರ ತಾಯಿ

(ಜನವರಿ 31, ಸಂತ ಜಾನ್ ಬೋಸ್ಕೊರವರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಯುವಜನರ ತಂದೆ ಮತ್ತು ಗುರು ಎಂದು ಧರ್ಮಸಭೆ ಗೌರವಿಸುವ ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ನಾವಿಂದು ಆಚರಿಸುತ್ತಿದ್ದೇವೆ. 1888ರ ಜನವರಿ 31ರ ಮುಂಜಾನೆ ಇಟಲಿಯ ಟ್ಯೂರಿನ್ ನಗರದಲ್ಲಿ ಅವರು ಪ್ರಭುವಿನ ಸನ್ನಿಧಿ ಸೇರಿದರು. ಈಗ ತಾನೇ ಕೇಳಿದ ಸಂತ ಮತ್ತಾಯನ ಶುಭಸಂದೇಶದಲ್ಲಿ ಶಿಷ್ಯರು ಒಂದು ಪ್ರಶ್ನೆ ಕೇಳುತ್ತಾರೆ: ಸ್ವರ್ಗಸಾಮ್ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಪ್ರಭು ಉತ್ತರವಾಗಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾರೆ. ಈ ವಾಚನ ಬಂದಾಗಲೆಲ್ಲಾ ನಾವು ಆ ಮಗುವಿನ ಬಗ್ಗೆ ಮಾತನಾಡುತ್ತೇವೆ, ಮಕ್ಕಳ ಸರಳತೆಯ ಬಗ್ಗೆ ಮಾತನಾಡುತ್ತೇವೆ. ಆದರೆ ಆ ಮಗುವನ್ನು ಅಂದು ಬೆಳಿಗ್ಗೆ ಎಬ್ಬಿಸಿ, ಮುಖ ತೊಳೆಸಿ, ಹೊಟ್ಟೆಗೆ ಏನಾದರೂ ಕೊಟ್ಟು, ತಲೆ ಬಾಚಿ ಕಳುಹಿಸಿದ ತಾಯಿಯೊಬ್ಬಳು ಇದ್ದಿರಬೇಕಲ್ಲವೇ? ಶುಭಸಂದೇಶಕಾರರು ಆಕೆಯ ಬಗ್ಗೆ ಒಂದು ಮಾತೂ ಬರೆದಿಲ್ಲ.

ಜಾನ್ ಬೋಸ್ಕೊರವರ ಬಗ್ಗೆ ಈ ಪೀಠದ ಮುಂದೆ ಹಲವು ಬಾರಿ ಕೇಳಿದ್ದೇವೆ. ಇಂದು ಅವರ ತಾಯಿಯ ಬಗ್ಗೆ ಧ್ಯಾನಿಸೋಣ. ಆಕೆಯ ಹೆಸರು ಮಾರ್ಗರೀಟ ಒಕ್ಕಿಯೇನಾ. ಟ್ಯೂರಿನ್ನಿನ ಬಡ ಹುಡುಗರು ಆಕೆಯನ್ನು 'ಮಮ್ಮಾ ಮಾರ್ಗರೀಟ' ಎಂದರು. ಓದು ಬರಹ ಬಾರದ ರೈತ ಹೆಂಗಸು. ಆಕೆ ಹುಟ್ಟಿದ್ದು 1788ರ ಏಪ್ರಿಲ್ 1ರಂದು, ಕಪ್ರೀಲಿಯೊ ಎಂಬ ಹಳ್ಳಿಯಲ್ಲಿ. ಮುಂದೆ ಆಕೆಯ ಮಗನನ್ನು ಸಂತನೆಂದು ಘೋಷಿಸಿದ ದಿನವೂ ಏಪ್ರಿಲ್ 1 ಆಗಿತ್ತು; 1934ರ ಪುನರುತ್ಥಾನದ ಭಾನುವಾರ. ಯಾರೂ ಲೆಕ್ಕ ಹಾಕಿ ಇಟ್ಟ ದಿನವಲ್ಲ ಅದು, ತಾನಾಗಿ ಹಾಗೆ ಕೂಡಿ ಬಂತು.

1812ರಲ್ಲಿ ಮಾರ್ಗರೀಟ ಫ್ರಾನ್ಸಿಸ್ ಬೋಸ್ಕೊ ಎಂಬುವರನ್ನು ಮದುವೆಯಾದಾಗ ಅವರಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ತೀರಿಹೋಗಿ, ಆಂತೋನಿ ಎಂಬ ಚಿಕ್ಕ ಮಗನಿದ್ದ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರು. ನಂತರ ಜೋಸೆಫ್ ಹುಟ್ಟಿದ, 1815ರ ಆಗಸ್ಟ್ 16ರಂದು ಜಾನ್ ಹುಟ್ಟಿದ. 1817ರ ಮೇ ತಿಂಗಳಲ್ಲಿ, ದುಡಿದು ಬೆವರಿದ ಮೈಯಲ್ಲೇ ತಣ್ಣಗಿನ ನೆಲಮಾಳಿಗೆಗೆ ಇಳಿದ ಫ್ರಾನ್ಸಿಸ್‌ಗೆ ಶ್ವಾಸಕೋಶದ ಜ್ವರ ತಗುಲಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಾರ್ಗರೀಟಳಿಗೆ ಆಗ 29 ವರ್ಷ. ಮೂವರು ಗಂಡುಮಕ್ಕಳು, ಕಾಯಿಲೆಯ ಅತ್ತೆ, ಬೇರೊಬ್ಬರ ಜಮೀನಿನ ಕೂಲಿ, ಸ್ವಂತದ್ದೆಂದು ಒಂದಿಷ್ಟು ಭೂಮಿ. ಜಾನ್‌ಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಪ್ಪ ಮಲಗಿದ್ದ ಕೋಣೆಯಿಂದ ಬರಲು ಆ ಮಗು ಒಪ್ಪಲಿಲ್ಲ, ಕೈಹಿಡಿದು ಹೊರಗೆ ಕರೆತಂದ ತಾಯಿ ಅಳುತ್ತಾ ನಿನಗೆ ಇನ್ನು ತಂದೆಯಿಲ್ಲವೆಂದು ಹೇಳಿದಳು. ತನ್ನ ಬದುಕಿನ ಮೊದಲ ನೆನಪೇ ಅದು ಎಂದು ಜಾನ್ ಬೋಸ್ಕೊ ಮುಂದೆ ಬರೆದಿಟ್ಟಿದ್ದಾರೆ.

ಅದೇ ವರ್ಷ ಬರಗಾಲ. ಹಿಂದಿನ ವರ್ಷ, 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ದೂರದ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಅದರ ಧೂಳು ಆಕಾಶದಲ್ಲಿ ನಿಂತು ಬೆಳೆ ಕೆಟ್ಟಿತೆಂದು ಇಂದು ವಿಜ್ಞಾನಿಗಳು ಹೇಳುತ್ತಾರೆ. ಆ ಹಳ್ಳಿಯವರಿಗೆ ಇದೆಲ್ಲಾ ಏನು ಗೊತ್ತು? ಹೊಲದಲ್ಲಿ ಕಾಳಿಲ್ಲ ಎಂಬುದಷ್ಟೇ ಗೊತ್ತು. ನೆರೆಯವರೊಬ್ಬರಿಗೆ ಹಣ ಕೊಟ್ಟು ಸಂತೆಗೆ ಕಳುಹಿಸಿದರೆ ಎಷ್ಟು ಬೆಲೆ ಕೊಟ್ಟರೂ ಧಾನ್ಯವಿಲ್ಲವೆಂದು ಬರಿಗೈಯಲ್ಲಿ ಬಂದರು. ಮಾರ್ಗರೀಟ ಮಕ್ಕಳೊಡನೆ ಮೊಣಕಾಲೂರಿ ಪ್ರಾರ್ಥಿಸಿದಳು. ಆಮೇಲೆ ಎದ್ದು ಕೊಟ್ಟಿಗೆಗೆ ಹೋದಳು. ನೆರೆಯವರ ಸಹಾಯದಿಂದ ಕರುವನ್ನು ಕಡಿಸಿ, ಅಂದು ರಾತ್ರಿಯೇ ಬೇಯಿಸಿ ಮನೆಯವರಿಗೆಲ್ಲಾ ಬಡಿಸಿದಳು. ರೈತನ ಮನೆಯಲ್ಲಿ ಕರು ಎಂದರೆ ಮುಂದಿನ ವರ್ಷಗಳ ಹಾಲು, ಉಳುಮೆ, ಗೊಬ್ಬರ ಎಲ್ಲವೂ. ಅದು ನಿಮಗೆ ನಾವು ಹೇಳಿಕೊಡಬೇಕಾದದ್ದಲ್ಲ. ಪ್ರಾರ್ಥನೆ ಮಾಡಿದರೆ ಸಾಕು, ಉಳಿದದ್ದು ದೇವರು ನೋಡಿಕೊಳ್ಳುತ್ತಾರೆ ಎಂದು ಹೇಳುವ ಪ್ರಬೋಧಕರು ಈಗ ಬಹಳ ಇದ್ದಾರೆ. ಮಾರ್ಗರೀಟಳ ಪ್ರಾರ್ಥನೆ ಅಂಥದ್ದಲ್ಲ. ಮೊಣಕಾಲಿನ ಮೇಲಿಂದ ಎದ್ದ ಕೂಡಲೇ ಕೈ ಕೆಲಸಕ್ಕೆ ಹೋಗುತ್ತಿತ್ತು.

ಸ್ವಲ್ಪ ಕಾಲದ ನಂತರ ಮರುಮದುವೆಯ ಒಳ್ಳೆಯ ಪ್ರಸ್ತಾಪವೊಂದು ಬಂತು. ಗಂಡಿನ ಕಡೆಯವರ ಷರತ್ತು, ಮಕ್ಕಳನ್ನು ಪಾಲಕರೊಬ್ಬರ ವಶಕ್ಕೆ ಒಪ್ಪಿಸಬೇಕು, ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಪಾಲಕರು ಬರೀ ಸ್ನೇಹಿತರು, ನಾನು ತಾಯಿ ಎಂದು ಆಕೆ ಉತ್ತರ ಕೊಟ್ಟಳು. ಮಾತು ಅಲ್ಲಿಗೆ ಮುಗಿಯಿತು. ಗಮನಿಸಿ, ಆ ಮೂವರಲ್ಲಿ ಒಬ್ಬ ಆಕೆ ಹೆತ್ತವನಲ್ಲ.

ಈ ಆಂತೋನಿಯ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. ಸಂತರ ಚರಿತ್ರೆ ಹೇಳುವವರು ಅವನನ್ನು ಕೆಟ್ಟವನನ್ನಾಗಿ ಮಾಡಿ ಮುಂದೆ ಹೋಗುತ್ತಾರೆ. ಅವನು ಕೆಟ್ಟವನಾಗಿರಲಿಲ್ಲ. ಬಾಲ್ಯದಲ್ಲೇ ಹೆತ್ತ ತಾಯಿಯನ್ನು ಕಳೆದುಕೊಂಡ, ಒಂಬತ್ತು ವರ್ಷದವನಾಗಿದ್ದಾಗ ತಂದೆಯನ್ನೂ ಕಳೆದುಕೊಂಡ, ಚಿಕ್ಕಂದಿನಿಂದ ಗುದ್ದಲಿ ಹಿಡಿದ. ತಾನು ಬಿಸಿಲಲ್ಲಿ ದುಡಿಯುವಾಗ ತಮ್ಮ ಲ್ಯಾಟಿನ್ ವ್ಯಾಕರಣದ ಪುಸ್ತಕ ಹಿಡಿದು ಕೂತರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಪುಸ್ತಕವಿಲ್ಲದೆ ನಾನು ಬೆಳೆಯಲಿಲ್ಲವೇ ಎಂದು ಕೇಳುತ್ತಿದ್ದ. ಊಟದ ಹೊತ್ತಿಗೆ ಜಗಳ, ಮಲಗುವ ಹೊತ್ತಿಗೆ ಜಗಳ. ಈ ಊರಿನಲ್ಲಿಯೂ ಅಣ್ಣತಮ್ಮಂದಿರ ನಡುವೆ ಇಂಥ ಮಾತು ನಡೆದ ಮನೆಗಳಿವೆ. ಒಬ್ಬ ಓದಿ ಪೇಟೆ ಸೇರಿದ, ಇನ್ನೊಬ್ಬ ತೋಟದಲ್ಲಿ ಉಳಿದ. ಇಬ್ಬರ ನಡುವೆ ತಾಯಿ. ಯಾರ ಪರ ಮಾತನಾಡಿದರೂ ಇನ್ನೊಬ್ಬನಿಗೆ ಆಕೆ ಪಕ್ಷಪಾತಿ. ಮಾರ್ಗರೀಟಳಿಗೆ ಇದರ ಮೇಲೆ ಮಲತಾಯಿ ಎಂಬ ಹೆಸರೂ ಇತ್ತು.

ಆಕೆ ಏನು ಮಾಡಿದಳು? 1828ರ ಫೆಬ್ರವರಿಯಲ್ಲಿ, ಹಿಮ ಬಿದ್ದ ಚಳಿಗಾಲದಲ್ಲಿ, ಹನ್ನೆರಡು ವರ್ಷದ ಜಾನ್‌ನನ್ನು ಒಂದು ಬಟ್ಟೆಯ ಗಂಟಿನೊಡನೆ ಮನೆಯಿಂದ ಕಳುಹಿಸಿದಳು. ಬೇರೊಬ್ಬರ ತೋಟದಲ್ಲಿ ಆಳಾಗಿ ದುಡಿಯಲು! ಮೋಲಿಯಾ ಎಂಬ ಕುಟುಂಬದವರು ಅವನನ್ನು ಇಟ್ಟುಕೊಂಡರು. ಹೆಚ್ಚುಕಡಿಮೆ ಎರಡು ವರ್ಷ ಅವನು ಅಲ್ಲಿ ದನ ಮೇಯಿಸಿದ. ಆ ದಿನ ಬಾಗಿಲಲ್ಲಿ ನಿಂತು ಮಗ ಹೋಗುವುದನ್ನು ನೋಡಿದ ತಾಯಿಯ ಮನಸ್ಸನ್ನು ಯಾರೂ ಬರೆದಿಟ್ಟಿಲ್ಲ. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಹೊಡೆದಾಟವಾಗಿ ಮನೆ ಒಡೆಯುವುದಕ್ಕಿಂತ ಚಿಕ್ಕವನನ್ನು ಸ್ವಲ್ಪ ಕಾಲ ದೂರ ಇಡುವುದು ಮೇಲೆಂದು ಆಕೆ ಎಣಿಸಿರಬೇಕು. ಸರಿಯೋ ತಪ್ಪೋ ಎಂದು ಇಂದು ಕುಳಿತು ತೀರ್ಪು ಹೇಳುವುದು ಸುಲಭ. ಕೊನೆಗೆ ಆಸ್ತಿ ಪಾಲಾಯಿತು, ಆಂತೋನಿ ತನ್ನ ಪಾಲು ಪಡೆದು ಮದುವೆಯಾಗಿ ಬೇರೆ ಸಂಸಾರ ಹೂಡಿದ. ಜಾನ್ ಓದಿಗೆ ಹಿಂತಿರುಗಿದ. ಯಾರೂ ಕೋರ್ಟು ಕಚೇರಿ ಹತ್ತಲಿಲ್ಲ.

ಆಕೆಯ ಭಕ್ತಿಯ ವಿಷಯಕ್ಕೆ ಬರೋಣ. ಓದಲು ಬಾರದಿದ್ದರೂ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಆಕೆ ಬಾಯಿಪಾಠ ಮಾಡಿದ್ದಳು. ದೇವಾಲಯದಲ್ಲಿ ಗುರುಗಳು ಹೇಳಿದ್ದನ್ನು ಮನೆಗೆ ಬಂದು ಮಕ್ಕಳಿಗೆ ಹೇಳುತ್ತಿದ್ದಳು. ಬೆಳಿಗ್ಗೆ ಸಂಜೆ ಮಕ್ಕಳನ್ನು ಪಕ್ಕದಲ್ಲಿ ಮೊಣಕಾಲೂರಿಸಿ ಪ್ರಾರ್ಥನೆ, ಜಪಸರ. ಜಾನ್‌ನ ಮೊದಲ ಪಾಪನಿವೇದನೆಗೆ ತಾನೇ ಜೊತೆಯಲ್ಲಿ ದೇವಾಲಯಕ್ಕೆ ಹೋಗಿ, ತಾನು ಮೊದಲು ನಿವೇದಿಸಿ, ನಂತರ ಅವನನ್ನು ಕಳುಹಿಸಿದಳು. 'ನೀನು ಹೋಗು' ಎಂದು ಮಕ್ಕಳನ್ನು ಅಟ್ಟಿ, ತಾವು ಹೊರಗೆ ಬೈಕಿನ ಮೇಲೆ ಕುಳಿತಿರುವ ತಂದೆತಾಯಿಗಳು ಇದನ್ನು ಸ್ವಲ್ಪ ಕೇಳಿಸಿಕೊಳ್ಳಿ. ಹೊಲದಲ್ಲಿ ಹೂವು ಕಂಡರೆ, ರಾತ್ರಿ ನಕ್ಷತ್ರ ಕಂಡರೆ, ಆಲಿಕಲ್ಲು ಬಿದ್ದು ಬೆಳೆ ಹೋದರೂ ಕೂಡ, ಆಕೆಯ ಬಾಯಲ್ಲಿ ದೇವರ ಮಾತೇ. ಬಾಗಿಲಿಗೆ ಬಂದ ಭಿಕ್ಷುಕನಿಗೆ ಸೂಪು, ರಾತ್ರಿ ಉಳಿಯಲು ಜಾಗ.

ಒಂಬತ್ತು ವರ್ಷದವನಾಗಿದ್ದಾಗ ಜಾನ್‌ಗೆ ಬಿದ್ದ ಕನಸು ನಿಮಗೆ ಗೊತ್ತು. ಕಾಡುಮೃಗಗಳು ಕುರಿಮರಿಗಳಾದ ಕನಸು. ಬೆಳಿಗ್ಗೆ ಅದನ್ನು ಹೇಳಿದಾಗ ಮನೆಯವರೆಲ್ಲಾ ಒಂದೊಂದು ಅರ್ಥ ಹೇಳಿದರು. ಕುರಿ ಕಾಯುವವನಾಗುತ್ತಾನೆ ಎಂದ ಜೋಸೆಫ್. ಕಳ್ಳರ ನಾಯಕನಾಗುತ್ತಾನೆ ಎಂದ ಆಂತೋನಿ. ಕನಸನ್ನೆಲ್ಲಾ ನಂಬಬಾರದು ಎಂದರು ಅಜ್ಜಿ. ತಾಯಿ ಮಾತ್ರ, ಯಾರಿಗೆ ಗೊತ್ತು, ಗುರುವಾದರೂ ಆಗಬಹುದು ಎಂದಳು. ಆ ಒಂದು ಮಾತು ಹುಡುಗನ ಎದೆಯಲ್ಲಿ ಕೂತಿತು.

ದೈವಕರೆಯ ವಿಷಯದಲ್ಲಿ ಆಕೆ ಹಿಡಿದ ನಿಲುವನ್ನು ನಾವು ಗುರುಗಳು ಹೆಚ್ಚಾಗಿ ಧ್ಯಾನಿಸಬೇಕು. ಕಿಯೇರಿ ಪಟ್ಟಣದಲ್ಲಿ ಓದುತ್ತಿದ್ದಾಗ ಜಾನ್ ಫ್ರಾನ್ಸಿಸ್ಕನ್ ಸಭೆಗೆ ಸೇರಬೇಕೆಂದುಕೊಂಡ. ಊರಿನ ಗುರುಗಳಿಗೆ ಅದು ಹಿಡಿಸಲಿಲ್ಲ. ಅವರು ಮಾರ್ಗರೀಟಳ ಬಳಿ ಬಂದು, ನಿನಗೆ ವಯಸ್ಸಾಗುತ್ತಿದೆ, ಮಗ ಮಠ ಸೇರಿದರೆ ನಿನ್ನನ್ನು ನೋಡುವವರು ಯಾರು, ಧರ್ಮಕೇಂದ್ರದ ಗುರುವಾದರೆ ನಿನಗೂ ಒಂದು ಆಸರೆ ಎಂದು ಬುದ್ಧಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೆಂದು ಇಟ್ಟುಕೊಳ್ಳೋಣ. ಆಕೆ ಕಿಯೇರಿಗೆ ಹೋಗಿ ಮಗನನ್ನು ಕಂಡು ಹೇಳಿದ್ದೇ ಬೇರೆ: ಚೆನ್ನಾಗಿ ಯೋಚಿಸಿ ದೇವರು ಕರೆದ ಕಡೆ ಹೋಗು, ನನ್ನ ಚಿಂತೆ ಮಾಡಬೇಡ, ನಿನ್ನಿಂದ ನನಗೆ ಏನೂ ಬೇಡ, ಬಡತನದಲ್ಲಿ ಹುಟ್ಟಿದೆ, ಬಡತನದಲ್ಲಿ ಬಾಳಿದೆ, ಬಡತನದಲ್ಲೇ ಸಾಯುತ್ತೇನೆ, ನೀನು ಗುರುವಾಗಿ ಹಣವಂತನಾದರೆ ನಿನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಮುಂದೆ ಜಾನ್ ಫ್ರಾನ್ಸಿಸ್ಕನ್ ಆಗಲಿಲ್ಲ, ಅದಕ್ಕೆ ಬೇರೆ ಕಾರಣಗಳಿದ್ದವು. 1841ರ ಜೂನ್ 5ರಂದು ಗುರುದೀಕ್ಷೆ ಪಡೆದರು. ಊರೆಲ್ಲಾ ಸಂಭ್ರಮಪಟ್ಟ ದಿನ ಸಂಜೆ ಆಕೆ ಮಗನಿಗೆ ಹೇಳಿದ್ದು, ಬಲಿಪೂಜೆ ಅರ್ಪಿಸಲು ತೊಡಗುವುದೆಂದರೆ ಪಾಡುಪಡಲು ತೊಡಗುವುದು, ಇದು ನಿನಗೆ ಈಗಲ್ಲ, ನಿಧಾನವಾಗಿ ತಿಳಿಯುತ್ತದೆ ಎಂದು. ಸೆಮಿನರಿಯಲ್ಲಿ ವರ್ಷಾನುಗಟ್ಟಲೆ ದೈವಶಾಸ್ತ್ರ ಓದಿ ನಾವು ಕಲಿಯುವುದನ್ನು ಆ ತಾಯಿ ಒಂದು ಮಾತಿನಲ್ಲಿ ಹೇಳಿಬಿಟ್ಟಳು.

ಇಷ್ಟಾದ ಮೇಲಾದರೂ ಆಕೆಗೆ ವಿಶ್ರಾಂತಿ ಸಿಗಬೇಕಿತ್ತಲ್ಲವೇ? ಜೋಸೆಫ್‌ನ ಮನೆಯಲ್ಲಿ ಮೊಮ್ಮಕ್ಕಳಿದ್ದರು, ಹೊಲವಿತ್ತು, ಸ್ವಂತ ಊರಿತ್ತು. 1846ರಲ್ಲಿ ಜಾನ್ ಬೋಸ್ಕೊ ಸಾವಿನಂಚಿಗೆ ಹೋಗಿ ಬದುಕಿ, ಊರಿಗೆ ಬಂದು ಸುಧಾರಿಸಿಕೊಂಡರು. ಟ್ಯೂರಿನ್ನಿನ ವಾಲ್ದೊಕೊ ಎಂಬ ಬಡಾವಣೆಯಲ್ಲಿ ಬೀದಿಯ ಹುಡುಗರನ್ನು ಸೇರಿಸುತ್ತಿದ್ದ ಅವರಿಗೆ ಮನೆ ನೋಡಿಕೊಳ್ಳುವವರು ಬೇಕಿತ್ತು. ಆ ನೆರೆಹೊರೆ ಒಳ್ಳೆಯದಲ್ಲ. ಪಕ್ಕದಲ್ಲೇ ಹೆಂಡದಂಗಡಿ, ಕೆಟ್ಟ ಹೆಸರಿನ ಮನೆಗಳು. ತಾಯಿಯನ್ನು ಕೇಳಿದರು. ದೇವರ ಚಿತ್ತವೆಂದು ನಿನಗೆ ತೋರಿದರೆ ಬರುತ್ತೇನೆ ಎಂದಳು. ನವೆಂಬರ್ 3ರಂದು 58 ವರ್ಷದ ತಾಯಿ ಒಂದು ಬುಟ್ಟಿ ಹಿಡಿದು, ಮಗ ತನ್ನ ಪ್ರಾರ್ಥನಾ ಪುಸ್ತಕ ಹಿಡಿದು, ಸುಮಾರು ಮೂವತ್ತು ಕಿಲೋಮೀಟರ್ ನಡೆದೇ ಟ್ಯೂರಿನ್ ಸೇರಿದರು. ಕೈಯಲ್ಲಿ ಕಾಸಿಲ್ಲ. ಮದುವೆಯ ಉಂಗುರ, ಸರ ಮಾರಿದಳು. ಮದುವೆಯ ಸೀರೆಯನ್ನು ನಮ್ಮ ತಾಯಂದಿರು ಪೆಟ್ಟಿಗೆಯ ತಳದಲ್ಲಿ ಜೋಪಾನ ಮಾಡುವ ಹಾಗೆ ಆಕೆ ಇಟ್ಟುಕೊಂಡಿದ್ದ ಮದುವೆಯ ಉಡುಪನ್ನು ಕತ್ತರಿಸಿ ಪೂಜಾವಸ್ತ್ರ, ಬಲಿಪೀಠದ ವಸ್ತ್ರಗಳನ್ನು ಹೊಲಿದಳು.

ಅಲ್ಲಿಂದ ಹತ್ತು ವರ್ಷ ದುಡಿಮೆ. ಮೆಕ್ಕೆಜೋಳದ ಹಿಟ್ಟನ್ನು ದೊಡ್ಡ ಪಾತ್ರೆಯಲ್ಲಿ ತಿರುವಿ ಪೊಲೆಂತಾ ಮಾಡಬೇಕು. ಮುದ್ದೆ ತಿರುವುವ ನಮ್ಮ ತಾಯಂದಿರ ತೋಳಿಗೆ ಅದರ ನೋವು ಗೊತ್ತು. ಬಟ್ಟೆ ಒಗೆಯಬೇಕು, ಹರಿದ ಚಲ್ಲಣಗಳಿಗೆ ರಾತ್ರಿ ದೀಪದ ಬೆಳಕಿನಲ್ಲಿ ತೇಪೆ ಹಾಕಬೇಕು. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಬೆಳಗಾಗುವ ಮುನ್ನ ಎದ್ದು, ರಾತ್ರಿ ದೀಪ ಆರಿಸದೆ ದುಡಿಯುವ ಗುಣವತಿಯ ವರ್ಣನೆಯಿದೆ. ಆದರೆ ಆ ಗುಣವತಿಗೆ ಮನೆಯಲ್ಲಿ ದಾಸಿಯರಿದ್ದರು. ಮಾರ್ಗರೀಟಳಿಗೆ ಯಾರಿದ್ದರು?

ಹುಡುಗರೂ ದೇವದೂತರಾಗಿರಲಿಲ್ಲ. ಮೊದಮೊದಲು ಮಲಗಲು ಜಾಗ ಕೊಟ್ಟ ಕೆಲವರು ಬೆಳಗಾಗುವುದರೊಳಗೆ ಹೊದಿಕೆ ಹೊತ್ತುಕೊಂಡು ಓಡಿಹೋದರು. ಆದರೂ 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ, ತೊಯ್ದು ತೊಪ್ಪೆಯಾದ ಹದಿನೈದರ ಅನಾಥ ಹುಡುಗನೊಬ್ಬ ಬಾಗಿಲಿಗೆ ಬಂದ. ಗಾರೆ ಕೆಲಸ ಹುಡುಕಿಕೊಂಡು ದೂರದ ಬೆಟ್ಟದ ಸೀಮೆಯಿಂದ ಬಂದವನು. ಬೆಂಕಿಯ ಬಳಿ ಕೂರಿಸಿ ಊಟ ಕೊಟ್ಟರು. ಅವನಿಗೆ ಹೋಗಲು ಜಾಗವಿಲ್ಲ. ಇವನೂ ಕದ್ದುಕೊಂಡು ಹೋದರೆ ಎಂಬ ಮಾತು ಬಂತು. ತಾಯಿಯ ಕಣ್ಣಲ್ಲಿ ನೀರು. ಅಡುಗೆಮನೆಯಲ್ಲೇ ಇಟ್ಟಿಗೆ ಜೋಡಿಸಿ, ಹಲಗೆ ಇಟ್ಟು, ಹುಲ್ಲಿನ ಹಾಸಿಗೆ ಹಾಸಿದರು. ಮಲಗುವ ಮುನ್ನ ಆಕೆ ಅವನಿಗೆ ದುಡಿಮೆ, ಪ್ರಾಮಾಣಿಕತೆ, ದೇವರು ಎಂದು ನಾಲ್ಕು ಮಾತು ಹೇಳಿ ಪ್ರಾರ್ಥನೆ ಮಾಡಿಸಿದಳು. ಇಂದಿಗೂ ಸಲೇಸಿಯನ್ ಸಭೆಯ ಮನೆಗಳಲ್ಲಿ ರಾತ್ರಿ ಪ್ರಾರ್ಥನೆಯ ನಂತರ 'ಶುಭರಾತ್ರಿ'ಯ ಕಿರುಮಾತು ಹೇಳುವ ಪದ್ಧತಿಯಿದೆ. ಅದರ ಮೂಲ ಆ ಅಡುಗೆಮನೆ, ಓದು ಬಾರದ ಆ ಹೆಂಗಸಿನ ಬಾಯಿ. 1906ರಲ್ಲಿ ತಂಜಾವೂರಿಗೆ ಸಲೇಸಿಯನ್ ಗುರುಗಳು ಬಂದಾಗ ಆ ಪದ್ಧತಿ ನಮ್ಮ ದೇಶಕ್ಕೂ ಬಂತು. ಬೆಂಗಳೂರಿನ ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಮಲಗುತ್ತಿದ್ದ ಮಕ್ಕಳಿಗಾಗಿ 1980ರಲ್ಲಿ ಆರಂಭವಾದ 'ಬೋಸ್ಕೊ' ಸಂಸ್ಥೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ.

ಈಗ ಒಂದು ಘಟನೆ. ವಾಲ್ದೊಕೊ ಮನೆಯ ಹಿಂದೆ ಆಕೆ ಒಂದು ತರಕಾರಿ ತೋಟ ಮಾಡಿದ್ದಳು. ಹುಡುಗರು ಸೈನಿಕರ ಆಟವಾಡುತ್ತಾ ಅದರೊಳಗೆ ನುಗ್ಗಿ ಎಲ್ಲವನ್ನೂ ತುಳಿದು ಹಾಕಿದರು. ಇನ್ನೊಂದು ದಿನ ಒಗೆದು ಹಾಕಿದ ಬಟ್ಟೆ ಮಣ್ಣುಪಾಲು, ಮತ್ತೊಂದು ದಿನ ಪಾತ್ರೆ ಕಾಣೆ. ಒಂದು ಸಂಜೆ ಆಕೆಗೆ ಸಾಕಾಯಿತು. ಮಗನ ಮುಂದೆ ಕುಳಿತು, ನನಗೆ ವಯಸ್ಸಾಯಿತು, ಇನ್ನು ಆಗುವುದಿಲ್ಲ, ಊರಿಗೆ ಹೋಗಿ ನೆಮ್ಮದಿಯಾಗಿ ಸಾಯುತ್ತೇನೆ ಎಂದಳು. ಡಾನ್ ಬೋಸ್ಕೊ ವಾದಿಸಲಿಲ್ಲ. ಗೋಡೆಯ ಮೇಲಿದ್ದ ಪಾಡುಪಟ್ಟ ಸ್ವರೂಪದ ಕಡೆ ಕೈ ತೋರಿಸಿದರು. ಆಕೆ ನೋಡಿದಳು, ಕಣ್ಣು ತುಂಬಿ ಬಂತು. ನೀನು ಹೇಳುವುದು ಸರಿ ಎಂದು ಎದ್ದು, ಮತ್ತೆ ಏಪ್ರನ್ ಕಟ್ಟಿಕೊಂಡಳು.

ಈ ಘಟನೆಯನ್ನು ಹೇಳಿ, ತಾಯಂದಿರೇ ನೀವೂ ಹೀಗೆ ಸಹಿಸಿಕೊಳ್ಳಿ ಎಂದು ಮುಗಿಸುವುದು ರೂಢಿ. ನಮಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಶಿಲುಬೆಯನ್ನು ತೋರಿಸುವ ಹಕ್ಕು ಎಲ್ಲರಿಗೂ ಇಲ್ಲ. ಡಾನ್ ಬೋಸ್ಕೊ ಆಕೆಯೊಡನೆ ಒಂದೇ ಮನೆಯಲ್ಲಿದ್ದರು, ಅದೇ ಊಟ ಉಂಡರು, ಆಲೂಗಡ್ಡೆ ಸುಲಿದರು, ಸೌದೆ ಒಡೆದರು, ಬಟ್ಟೆ ಹೊಲಿಯಲು ಸಹಾಯ ಮಾಡಿದರು. ಅಂಥ ಮಗ ಕೈ ತೋರಿಸಿದಾಗ ತಾಯಿಗೆ ಅರ್ಥವಾಯಿತು. ತಾನು ಟಿ.ವಿ. ಮುಂದೆ ಕುಳಿತು, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಹೆಂಡತಿಗೆ ತಾಳ್ಮೆಯ ಪಾಠ ಹೇಳುವ ಗಂಡನಿಗೆ ಆ ಹಕ್ಕು ಎಲ್ಲಿಂದ ಬಂತು? ಒಂದು ತಿಂಗಳು ಅಣ್ಣನ ಮನೆ, ಒಂದು ತಿಂಗಳು ತಮ್ಮನ ಮನೆ ಎಂದು ತಾಯಿಯನ್ನು ಚೀಲದೊಡನೆ ಸಾಗಿಸುವ ಮಕ್ಕಳಿಗೆ? ಧರ್ಮಕೇಂದ್ರದ ಹಬ್ಬಕ್ಕೆ ಹಿಂದಿನ ದಿನವೇ ಬಂದು ದೇವಾಲಯ ಗುಡಿಸಿ, ಒರೆಸಿ, ಹೂ ಕಟ್ಟಿ, ಹಬ್ಬದ ದಿನ ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳುವ ತಾಯಂದಿರಿದ್ದಾರೆ. ವಂದನಾರ್ಪಣೆಯಲ್ಲಿ ದೀಪಾಲಂಕಾರದವರ ಹೆಸರು, ಧ್ವನಿವರ್ಧಕದವರ ಹೆಸರು ಬರುತ್ತದೆ. ಈ ಮಾತು ನಮಗೂ, ಪಾಲನಾ ಸಮಿತಿಗೂ ಸೇರಿದೆ.

1854ರಲ್ಲಿ ಟ್ಯೂರಿನ್‌ಗೆ ಕಾಲರಾ ಬಂದಾಗ ರೋಗಿಗಳ ಸೇವೆಗೆ ಹೋದ ಹುಡುಗರು ಬಟ್ಟೆ ಕೇಳಿದರು. ಮನೆಯಲ್ಲಿದ್ದ ದುಪ್ಪಟಿಗಳೆಲ್ಲಾ ಮುಗಿದ ಮೇಲೆ ಆಕೆ ಬಲಿಪೀಠದ ವಸ್ತ್ರವನ್ನೇ ಕೊಟ್ಟಳು. ಅದೇ ವರ್ಷ ಆ ಮನೆಗೆ ಬಂದ ದೊಮಿನಿಕ್ ಸಾವಿಯೊನನ್ನು ನೋಡಿ, ನಿನ್ನ ಹುಡುಗರಲ್ಲಿ ಇವನಿಗೆ ಸಮಾನರಿಲ್ಲ, ದೇವಾಲಯದಲ್ಲಿ ಇವನು ಪ್ರಾರ್ಥಿಸುವುದನ್ನು ನೋಡು ಎಂದು ಮಗನಿಗೆ ಹೇಳಿದವಳು ಆಕೆಯೇ. ಆ ಹುಡುಗ ಇಂದು ಸಂತ ದೊಮಿನಿಕ್ ಸಾವಿಯೊ.

1856ರ ನವೆಂಬರ್‌ನಲ್ಲಿ, ಗಂಡನನ್ನು ಕೊಂಡೊಯ್ದ ಅದೇ ಶ್ವಾಸಕೋಶದ ಕಾಯಿಲೆ ಆಕೆಯನ್ನೂ ಹಿಡಿಯಿತು. ಆ ಹೊತ್ತಿಗೆ ಮನೆಯಲ್ಲಿ ನೂರಕ್ಕೂ ಹೆಚ್ಚು ಹುಡುಗರಿದ್ದರು. ಕೊನೆಯ ಸಂಸ್ಕಾರಗಳನ್ನು ಪಡೆದಳು. ಕೊನೆಯ ರಾತ್ರಿ ಡಾನ್ ಬೋಸ್ಕೊ ಹಾಸಿಗೆಯ ಬಳಿ ಅಳುತ್ತಿದ್ದರು. ನಿನ್ನ ಸಂಕಟ ನೋಡಿ ನನ್ನ ಸಂಕಟ ಹೆಚ್ಚಾಗುತ್ತದೆ, ಹೋಗಿ ನನಗಾಗಿ ಪ್ರಾರ್ಥಿಸು ಎಂದು ಆಕೆ ಮಗನನ್ನು ಕೋಣೆಯಿಂದ ಕಳುಹಿಸಿದಳು. ಹಿಂದೆ ಎರಡು ವರ್ಷದ ಮಗುವನ್ನು ಸಾವಿನ ಕೋಣೆಯಿಂದ ಕೈಹಿಡಿದು ಕರೆತಂದಿದ್ದಳು, ಈಗ ನಲವತ್ತೊಂದು ವರ್ಷದ ಮಗನನ್ನೂ ಹಾಗೆಯೇ ಕಳುಹಿಸಿದಳು. ನವೆಂಬರ್ 25ರ ಬೆಳಗಿನ ಜಾವ ಮೂರು ಗಂಟೆಗೆ ಜೋಸೆಫ್ ಬಂದು ಸುದ್ದಿ ಹೇಳಿದ. ಡಾನ್ ಬೋಸ್ಕೊ ಆ ಕತ್ತಲಲ್ಲೇ ಸಾಂತ್ವನ ಮಾತೆಯ ದೇವಾಲಯಕ್ಕೆ ಹೋಗಿ ತಾಯಿಯ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಿ, ಈ ನನ್ನ ಮಕ್ಕಳಿಗೆ ಇನ್ನು ಮೇಲೆ ನೀನೇ ತಾಯಿಯಾಗು ಎಂದು ಮರಿಯಮ್ಮನವರನ್ನು ಬೇಡಿಕೊಂಡರು. ಆಕೆಯ ಜಾಗಕ್ಕೆ ಇನ್ನೊಬ್ಬ ತಾಯಿ ಬಂದರು. ಡಾನ್ ಬೋಸ್ಕೊರವರ ಉತ್ತರಾಧಿಕಾರಿಯಾದ ಧನ್ಯ ಮೈಕಲ್ ರುವಾರವರ ತಾಯಿ. ಅವರೂ ಸುಮಾರು ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ದುಡಿದು 1876ರಲ್ಲಿ ತೀರಿಕೊಂಡರು.

ಮಾರ್ಗರೀಟಳನ್ನು ಬಡವರ ಜೊತೆ ಸಾಮಾನ್ಯ ಸಮಾಧಿಯಲ್ಲಿ ಹೂಳಿದರು. ಮುಂದೆ ಆ ಅಸ್ಥಿಗಳನ್ನು ಗುರುತಿಸಲು ಆಗಲಿಲ್ಲ. 2006ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಆಕೆಯ ಸದ್ಗುಣಗಳ ಶ್ರೇಷ್ಠತೆಯನ್ನು ಅಂಗೀಕರಿಸಿದ ಮೇಲೆ ಧರ್ಮಸಭೆ ಆಕೆಯನ್ನು 'ಪೂಜ್ಯೆ' ಎಂದು ಕರೆಯುತ್ತದೆ. ಭಕ್ತರು ಹೂವಿಡಲು ಸಮಾಧಿ ಮಾತ್ರ ಇಲ್ಲ.

ನಮ್ಮ ದೇವಾಲಯದ ಹಿಂದಿನ ಸ್ಮಶಾನದಲ್ಲಿಯೂ ಕಲ್ಲಿಲ್ಲದ, ಹೆಸರಿಲ್ಲದ ಗುಡ್ಡೆಗಳು ಬಹಳ ಇವೆ. ಅವುಗಳಲ್ಲಿ ಎಷ್ಟೋ ತಾಯಂದಿರದ್ದು. ಇಂದಿನ ಬಲಿಪೂಜೆಯನ್ನು ಅವರಿಗಾಗಿ ಅರ್ಪಿಸುತ್ತಿದ್ದೇವೆ. ಕಡೆಯ ಆಶೀರ್ವಾದದ ನಂತರ ಎಲ್ಲರೂ ಮೇಣದ ಬತ್ತಿ ಹಿಡಿದು ಅಲ್ಲಿಗೆ ಹೋಗಿ, ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ ಹೇಳೋಣ. ಕಾಣಿಕೆಗಳನ್ನು ಇಂದು ಪೀಠಕ್ಕೆ ತರುವವರು ದೇವಾಲಯ ಗುಡಿಸುವ ತಾಯಂದಿರು. ಅವರು ಹಿಂದಿನ ಬೆಂಚಿನಲ್ಲಿದ್ದಾರೆ, ಮುಂದೆ ಬರಲು ದಯವಿಟ್ಟು ದಾರಿ ಬಿಡಿ.